ಗದ್ದೆಯಲ್ಲಿ ನೀರು ಹೆಚ್ಚು ನಿಂತಷ್ಟೂ ಭತ್ತದ ಇಳುವರಿ ಹೆಚ್ಚೇ? ಮಣ್ಣು ನೋಡದೆ ಉತ್ತರ ಹೇಳಲಾಗದು

ಮುಂಗಾರು ಶುರುವಾಗಿ ನಾಟಿ ಹತ್ತಿರವಾದಂತೆ ರೈತರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಎರಡು ಬಗೆಯ ಸಂದೇಶಗಳು ಓಡಾಡುತ್ತವೆ. ಮೊದಲನೆಯದರ ಧಾಟಿ ಹೀಗಿರುತ್ತದೆ: "ಭತ್ತ ನೀರಿನ ಬೆಳೆ. ಗದ್ದೆ ತುಂಬಾ ನೀರಿದ್ದರೆ ಮಾತ್ರ ತೆನೆ ತುಂಬುತ್ತದೆ. ಒಂದು ದಿನ ನೀರು ಆರಿದರೂ ಬೆಳೆ ಕೈಬಿಟ್ಟಂತೆ." ಎರಡನೆಯದು ಇದಕ್ಕೆ ಪೂರ್ತಿ ವಿರುದ್ಧ: "ಗದ್ದೆಯಲ್ಲಿ ಒಂದು ಪೈಪ್ ಹೂಳಿ, ನೀರು ಕಟ್ಟುವುದನ್ನು ನಿಲ್ಲಿಸಿ. ಯಾವ ಮಣ್ಣಾದರೂ ಸರಿ, ಅರ್ಧ ನೀರಿನಲ್ಲಿ ಅಷ್ಟೇ ಇಳುವರಿ!"

ಎರಡರಲ್ಲೂ ಒಂದಿಷ್ಟು ನಿಜವಿದೆ. ಆದರೆ ಯಾವುದನ್ನು ಹಾಗೆಯೇ ನಂಬಿ ಗದ್ದೆಗಿಳಿದರೂ ನಷ್ಟವಾಗಬಹುದು. ಮಂಡ್ಯದ ಕೆಂಪು ಮಣ್ಣಿಗೆ ಸರಿಹೋಗುವ ಸಲಹೆ ಸಿಂಧನೂರಿನ ಎರೆಭೂಮಿಯಲ್ಲಿ ಕೈಕೊಡಬಹುದು. ಉಡುಪಿಯ ಬೈಲುಗದ್ದೆಯ ಸಮಸ್ಯೆ ಈ ಎರಡಕ್ಕಿಂತಲೂ ಬೇರೆ.

ಚಿಕ್ಕದಾಗಿ ಹೇಳುವುದಾದರೆ

ಭತ್ತಕ್ಕೆ ಬೇಕಿರುವುದು ಬೇರಿನ ಸುತ್ತ ಸಾಕಷ್ಟು ತೇವ. ಗದ್ದೆಯ ಮೇಲೆ ಆಳವಾದ ನೀರು ಬೇಕೆಂದಿಲ್ಲ. ಹೆಚ್ಚಿನ ತಳಿಗಳಿಗೆ, ಬೆಳೆಯ ಹೆಚ್ಚಿನ ದಿನಗಳಲ್ಲಿ 2ರಿಂದ 5 ಸೆಂಟಿಮೀಟರ್ ನೀರು ಸಾಕು. ನಡುನಡುವೆ ಗದ್ದೆಯನ್ನು ಸ್ವಲ್ಪ ಆರಲು ಬಿಡಬಹುದೇ, ಬಿಟ್ಟರೆ ಎಷ್ಟು ಎಂಬುದನ್ನು ಮಣ್ಣಿನ ಗುಣ ಮತ್ತು ಪೈರಿನ ಹಂತ ನಿರ್ಧರಿಸುತ್ತವೆ.

ಭತ್ತ ನೀರಿನಲ್ಲಿ ಕೊಳೆಯದೆ ಬದುಕುವುದು ಹೇಗೆ?

ಗದ್ದೆಗೆ ನೀರು ಕಟ್ಟಿದ ಒಂದೆರಡು ದಿನಗಳಲ್ಲೇ ಮಣ್ಣಿನೊಳಗಿನ ಆಮ್ಲಜನಕ ಬಹುಮಟ್ಟಿಗೆ ಖಾಲಿಯಾಗುತ್ತದೆ. ಗಾಳಿಗೆ ಹೋಲಿಸಿದರೆ ನೀರಿನಲ್ಲಿ ಆಮ್ಲಜನಕ ಹರಡುವ ವೇಗ ಸುಮಾರು 10,000 ಪಟ್ಟು ಕಡಿಮೆ. ಹಾಗಾಗಿ ಖಾಲಿಯಾದದ್ದು ಮತ್ತೆ ತುಂಬಿಕೊಳ್ಳುವುದಿಲ್ಲ. ತೊಗರಿ, ಮೆಣಸಿನಕಾಯಿ, ಮೆಕ್ಕೆಜೋಳದ ಬೇರುಗಳು ಇಂಥ ಕಡೆ ಉಸಿರುಗಟ್ಟಿ ಕೊಳೆಯುತ್ತವೆ.

ಭತ್ತದ ಎಲೆ, ಕಾಂಡ ಮತ್ತು ಬೇರಿನೊಳಗೆ ಗಾಳಿ ಓಡಾಡುವ ಟೊಳ್ಳು ನಾಳಗಳಿವೆ. ಎಲೆ ಒಳಗೆಳೆದುಕೊಂಡ ಗಾಳಿ ಈ ನಾಳಗಳ ಮೂಲಕ ಬೇರಿನ ತುದಿಯವರೆಗೂ ಇಳಿಯುತ್ತದೆ. ನೀರಿನೊಳಗೆ ಮುಳುಗಿದವರು ಬಾಯಲ್ಲಿ ಕೊಳವೆ ಇಟ್ಟುಕೊಂಡು ಉಸಿರಾಡಿದಂತೆ ಅಂದುಕೊಳ್ಳಿ. ಅಂದರೆ ಭತ್ತಕ್ಕೆ ನಿಂತ ನೀರನ್ನು ತಾಳಿಕೊಳ್ಳುವ ಶಕ್ತಿ ಇದೆ. ತಾಳಿಕೊಳ್ಳುತ್ತದೆ ಎಂದ ಮಾತ್ರಕ್ಕೆ ಅದಿಲ್ಲದೆ ಬದುಕುವುದಿಲ್ಲ ಎಂದಲ್ಲ. ಧಾರವಾಡ, ಹಾವೇರಿ, ಬೆಳಗಾವಿಯ ಖಾನಾಪುರ ಭಾಗದಲ್ಲಿ ಕೂರಿಗೆಯಿಂದ ಬಿತ್ತುವ ಭತ್ತವನ್ನು ನೋಡಿದವರಿಗೆ ಇದು ಹೊಸ ವಿಷಯವಲ್ಲ. ಅಲ್ಲಿ ಒಣಗದ್ದೆಗೆ ಬೀಜ ಬಿದ್ದು, ಮಳೆಯ ತೇವದಲ್ಲೇ ಪೈರು ಮೇಲೇಳುತ್ತದೆ.

ಹಾಗಾದರೆ ನೀರು ನಿಲ್ಲಿಸುವುದು ಯಾಕೆ?

ನಮ್ಮ ಹಿರಿಯರು ಸುಮ್ಮನೆ ನೀರು ಕಟ್ಟುತ್ತಿರಲಿಲ್ಲ. ಅದರಿಂದ ಮೂರು ದೊಡ್ಡ ಲಾಭಗಳಿವೆ.

ಮೊದಲನೆಯದು ಕಳೆ ನಿಯಂತ್ರಣ. ಗದ್ದೆಯಲ್ಲಿ ಕೆಲವೇ ಸೆಂಟಿಮೀಟರ್ ನೀರಿದ್ದರೂ ಬಹಳಷ್ಟು ಕಳೆಬೀಜಗಳು ಆಮ್ಲಜನಕ ಸಿಗದೆ ಮೊಳೆಯುವುದಿಲ್ಲ. ಕೂರಿಗೆ ಭತ್ತದವರು ಮತ್ತೆ ಮತ್ತೆ ಎಡೆಕುಂಟೆ ಹೊಡೆಯಬೇಕಾಗುವುದು ಈ ರಕ್ಷಣೆ ಇಲ್ಲದ ಕಾರಣಕ್ಕೇ.

ಎರಡನೆಯದು ಮಣ್ಣಿನ ಹುಳಿ–ಕ್ಷಾರ ಗುಣದ ಬದಲಾವಣೆ. ನೀರು ನಿಂತ ಕೆಲವು ವಾರಗಳಲ್ಲಿ ಹುಳಿಮಣ್ಣಿನ ಪಿಎಚ್ ಏರುತ್ತದೆ, ಕ್ಷಾರ ಮಣ್ಣಿನದು ಇಳಿಯುತ್ತದೆ. ಎರಡೂ 7ರ ಆಸುಪಾಸಿಗೆ, ಅಂದರೆ ತಟಸ್ಥ ಮಟ್ಟದ ಹತ್ತಿರಕ್ಕೆ ಬರುತ್ತವೆ. ಮಣ್ಣಿನಲ್ಲಿ ಸಿಕ್ಕಿಹಾಕಿಕೊಂಡಿದ್ದ ರಂಜಕವೂ ಸಡಿಲವಾಗಿ ಬೇರಿಗೆ ಸಿಗುತ್ತದೆ. ಫಿಲಿಪ್ಪೀನ್ಸ್‌ನ ಅಂತಾರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯಲ್ಲಿದ್ದ, ಶ್ರೀಲಂಕಾ ಮೂಲದ ಮಣ್ಣು ವಿಜ್ಞಾನಿ ಪೊನ್ನಂಪೆರುಮ ಅವರು ನೀರಿನಡಿಯ ಮಣ್ಣಿನ ಈ ರಸಾಯನಶಾಸ್ತ್ರವನ್ನು 1972ರಲ್ಲಿ ವಿವರವಾಗಿ ಬರೆದಿಟ್ಟರು.

ಮೂರನೆಯದು ಭದ್ರತೆ. ಕಾಲುವೆಯ ಮುಂದಿನ ಸರದಿ ಯಾವಾಗ ಬರುತ್ತದೋ ಗೊತ್ತಿಲ್ಲದ ರೈತ ಸಿಕ್ಕಾಗಲೇ ಗದ್ದೆ ತುಂಬಿಸಿಕೊಳ್ಳುತ್ತಾನೆ. ಅದು ಅಜ್ಞಾನವಲ್ಲ. ಅವನ ಮಟ್ಟಿಗೆ ಅದು ಬೆಳೆವಿಮೆ ಇದ್ದಂತೆ.

ಮೊದಲ ಎರಡು ಲಾಭಗಳಿಗೆ ಕಡಿಮೆ ಆಳದ ನೀರೇ ಸಾಕು. ಆಳ ಹೆಚ್ಚಾದಂತೆ ಲಾಭ ಹೆಚ್ಚುತ್ತಾ ಹೋಗುವುದಿಲ್ಲ, ತೊಂದರೆಗಳು ಶುರುವಾಗುತ್ತವೆ.

ನೀರು ಆಳವಾದರೆ ಏನಾಗುತ್ತದೆ?

ಭತ್ತದ ಇಳುವರಿಯ ದೊಡ್ಡ ಪಾಲು ತೆಂಡೆಗಳ ಮೇಲೆ, ಅಂದರೆ ಬುಡದಿಂದ ಒಡೆಯುವ ಮರಿಗಳ ಮೇಲೆ ನಿಂತಿದೆ. ತೆಂಡೆ ಒಡೆಯುವ ಹಂತದಲ್ಲಿ 10 ಸೆಂಟಿಮೀಟರ್‌ಗಿಂತ ಹೆಚ್ಚು ನೀರು ದಿನಗಟ್ಟಲೆ ನಿಂತರೆ ಬುಡಕ್ಕೆ ಬೆಳಕು ಸರಿಯಾಗಿ ಬೀಳದೆ ತೆಂಡೆಗಳು ಕಡಿಮೆಯಾಗುತ್ತವೆ. ಪೈರು ನೀರಿನ ಮೇಲೆ ತಲೆ ಎತ್ತಲು ಉದ್ದುದ್ದ ಬೆಳೆಯುತ್ತದೆ. ಕಾಂಡ ತೆಳ್ಳಗಾಗಿ ಕೊನೆಗೆ ಗಾಳಿಮಳೆಗೆ ಮಲಗುತ್ತದೆ.

ಪೈರು ಪೂರ್ತಿ ಮುಳುಗಿದರೆ ಸಾಮಾನ್ಯ ತಳಿಗಳು ಒಂದು ವಾರದ ಆಚೆಗೆ ಉಳಿಯುವುದು ಕಷ್ಟ. ಇದಕ್ಕೆ ಪರಿಹಾರ ಸಿಕ್ಕಿದ್ದು ಒಡಿಶಾದ ನಾಡತಳಿಯಿಂದ ಆಯ್ದ ಎಫ್‌ಆರ್ 13ಎ ಭತ್ತದಲ್ಲಿ. ಅದರಲ್ಲಿರುವ 'ಸಬ್ 1ಎ' ಎಂಬ ಜೀನ್, ಮುಳುಗಿದ ಪೈರು ಬೆಳೆಯಲು ಹೆಣಗದೆ ಸುಮ್ಮನಿದ್ದು ಶಕ್ತಿ ಉಳಿಸಿಕೊಳ್ಳುವಂತೆ ಮಾಡುತ್ತದೆ. ಈ ಗುಣವನ್ನು ಸೇರಿಸಿ ರೂಪಿಸಿದ 'ಸ್ವರ್ಣ ಸಬ್ 1' ತಳಿ 2009ರಲ್ಲಿ ಭಾರತದಲ್ಲಿ ಬಿಡುಗಡೆಯಾಯಿತು. ಅದು ಸುಮಾರು ಎರಡು ವಾರ ಮುಳುಗಿದ್ದರೂ ಚೇತರಿಸಿಕೊಳ್ಳಬಲ್ಲದು. ನೆರೆಯ ನೀರಿನಲ್ಲೂ ಭತ್ತ ಉಳಿದ ವಿಡಿಯೊ ನೋಡಿ "ಭತ್ತಕ್ಕೆ ಎಷ್ಟು ನೀರಾದರೂ ಆಗುತ್ತದೆ" ಎಂದು ಹಂಚುವ ಮುನ್ನ ತಳಿ ಯಾವುದು ಎಂದು ಕೇಳಿ.

ಯಾವ ಹಂತದಲ್ಲಿ ಎಷ್ಟು ನೀರು?

• ನಾಟಿಯ ದಿನ: 2–3 ಸೆಂ.ಮೀ. ಇದಕ್ಕಿಂತ ಹೆಚ್ಚಿದ್ದರೆ ಸಸಿ ತೇಲುತ್ತದೆ, ಸರಿಯಾಗಿ ಕೂರುವುದಿಲ್ಲ.
• ಬೇರು ಹಿಡಿದ ಮೇಲೆ, ತೆಂಡೆ ಒಡೆಯುವಾಗ: 2–5 ಸೆಂ.ಮೀ. ಕಳೆ ಹಿಡಿತದಲ್ಲಿದ್ದರೆ ನಡುವೆ ಆರಲು ಬಿಡಬಹುದು.
• ಹೊಡೆಯಿಂದ ಹೂವಿನವರೆಗೆ: ಸುಮಾರು 5 ಸೆಂ.ಮೀ. ಹೂವಿಗೆ ಒಂದು ವಾರ ಮೊದಲು ಮತ್ತು ಒಂದು ವಾರ ನಂತರ ಗದ್ದೆ ಒಣಗಲೇಬಾರದು. ಈ ದಿನಗಳಲ್ಲಿ ನೀರಿನ ಕೊರತೆಯಾದರೆ ಕಾಳು ಜೊಳ್ಳಾಗುತ್ತದೆ. ಆಮೇಲೆ ಎಷ್ಟು ನೀರು ಬಿಟ್ಟರೂ ಆ ನಷ್ಟ ತುಂಬುವುದಿಲ್ಲ.
• ಕೊಯ್ಲಿಗೆ 10–15 ದಿನ ಮೊದಲು: ನೀರು ಬಸಿದು ಬಿಡಬೇಕು. ನಿಧಾನವಾಗಿ ಒಣಗುವ ಎರೆಮಣ್ಣಿನಲ್ಲಿ ಸ್ವಲ್ಪ ಬೇಗ, ಮರಳುಮಿಶ್ರಿತ ಮಣ್ಣಿನಲ್ಲಿ ಸ್ವಲ್ಪ ತಡ.

ಒಂದು ಎಚ್ಚರಿಕೆ: ಗದ್ದೆ ಮಟ್ಟವಾಗಿದ್ದರೆ ಮಾತ್ರ ಈ ಅಳತೆಗಳಿಗೆ ಅರ್ಥವಿದೆ. ಒಂದು ಮೂಲೆ ತಗ್ಗು, ಇನ್ನೊಂದು ದಿಬ್ಬವಾಗಿದ್ದರೆ ಇಲ್ಲಿ ತೆಂಡೆ ಮುಳುಗಿರುತ್ತದೆ, ಅಲ್ಲಿ ಕಳೆ ಎದ್ದಿರುತ್ತದೆ.

ಮಣ್ಣು ಬದಲಾದರೆ ಲೆಕ್ಕವೂ ಬದಲು

ಕಟ್ಟಿದ ನೀರಿನ ಒಂದು ಭಾಗ ಕೆಳಗೆ ಇಂಗಿಹೋಗುತ್ತದೆ. ಜಿಗುಟು ಜೇಡಿಮಣ್ಣಿನಲ್ಲಿ ಈ ಇಂಗುವಿಕೆ ದಿನಕ್ಕೆ 1ರಿಂದ 5 ಮಿಲಿಮೀಟರ್. ಮರಳುಮಿಶ್ರಿತ ಮಣ್ಣಿನಲ್ಲಿ ಅದು 25–30 ಮಿ.ಮೀ.ವರೆಗೂ ಹೋಗಬಹುದು. ಕೇಳಲು ಚಿಕ್ಕ ಸಂಖ್ಯೆ. ಆದರೆ ಒಂದು ಎಕರೆಯಲ್ಲಿ 1 ಮಿ.ಮೀ. ನೀರೆಂದರೆ ಸುಮಾರು 4,000 ಲೀಟರ್. ಜೇಡಿಮಣ್ಣಿನ ಎಕರೆಯಲ್ಲಿ ದಿನಕ್ಕೆ 3 ಮಿ.ಮೀ. ಇಂಗಿದರೆ 12,000 ಲೀಟರ್. ಮರಳುಮಣ್ಣಿನ ಎಕರೆಯಲ್ಲಿ 25 ಮಿ.ಮೀ. ಇಂಗಿದರೆ ಒಂದು ಲಕ್ಷ ಲೀಟರ್, ಅಂದರೆ 10,000 ಲೀಟರ್ ಹಿಡಿಸುವ ಹತ್ತು ಟ್ಯಾಂಕರ್ ನೀರು ದಿನವೂ ನೆಲದೊಳಗೆ!

ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ. ಮೇಲೆ ನಿಂತ ನೀರು ಆಳವಾದಷ್ಟೂ ಅದರ ಒತ್ತಡ ಹೆಚ್ಚಿ, ನೀರು ಇನ್ನೂ ವೇಗವಾಗಿ ಕೆಳಗಿಳಿಯುತ್ತದೆ. ಅಂದರೆ ಬೇಗ ಇಂಗುವ ಗದ್ದೆಯಲ್ಲಿ "ಇರಲಿ" ಎಂದು ಹೆಚ್ಚು ನೀರು ಕಟ್ಟಿದವರು ಹೆಚ್ಚೇ ಕಳೆದುಕೊಳ್ಳುತ್ತಾರೆ. ಆ ನೀರಿನ ಜೊತೆ ಹಾಕಿದ ಗೊಬ್ಬರದ ಸಾರಜನಕವೂ ಹೋಗುತ್ತದೆ.

*ಕೆಂಪು, ಮರಳುಮಿಶ್ರಿತ ಮಣ್ಣು:* ಮಂಡ್ಯ, ಮೈಸೂರು ಭಾಗದಲ್ಲಿ ಇದು ಸಾಮಾನ್ಯ. ನೀರು ಬೇಗ ಇಂಗುತ್ತದೆ. ಚೆನ್ನಾಗಿ ಕೆಸರು ಉಳುಮೆ ಮಾಡಿದರೆ ಮಣ್ಣಿನ ಸೂಕ್ಷ್ಮ ರಂಧ್ರಗಳು ಮುಚ್ಚಿ ಇಂಗುವಿಕೆ ತಗ್ಗುತ್ತದೆ. ಬದುಗಳಲ್ಲಿ ಏಡಿ, ಇಲಿಗಳ ಬಿಲ ಮುಚ್ಚುವುದೂ ಅಷ್ಟೇ ಮುಖ್ಯ. ಇಲ್ಲಿ ಕಡಿಮೆ ಆಳ ಕಾಯ್ದುಕೊಂಡು, ಯೂರಿಯಾವನ್ನು ಒಂದೇ ಸಲ ಸುರಿಯದೆ ಕಂತುಗಳಲ್ಲಿ ಕೊಡುವುದು ಲಾಭ. ಇಂಥ ಮಣ್ಣು ಬೇಗ ಒಣಗುವುದರಿಂದ, ಆರಲು ಬಿಟ್ಟಾಗ ಕಣ್ಣಿಟ್ಟಿರಬೇಕು.

*ಎರೆಮಣ್ಣು:* ಗಂಗಾವತಿ, ಸಿಂಧನೂರು, ಸಿರುಗುಪ್ಪ ಕಡೆಯ ಕಪ್ಪು ಮಣ್ಣು ಒದ್ದೆಯಾದಾಗ ಉಬ್ಬಿ ನೀರು ಹಿಡಿದಿಡುತ್ತದೆ. ಆದರೆ ಪೂರ್ತಿ ಒಣಗಿದರೆ ಬಾಯಿ ಬಿಡುತ್ತದೆ. ಆ ಬಿರುಕುಗಳಲ್ಲಿ ಬೇರು ಹರಿಯುತ್ತದೆ. ಮುಂದಿನ ಸಲ ಬಿಟ್ಟ ನೀರು ಬೇರಿನ ವಲಯ ದಾಟಿ ನೇರ ಕೆಳಗೆ ಇಳಿದುಹೋಗುತ್ತದೆ. ನೀರು ಉಳಿಸಲು ಹೊರಟು ನೀರನ್ನೇ ಕಳೆದುಕೊಂಡಂತೆ. ಇಲ್ಲಿ ಆರಿಸುವುದೆಂದರೆ ಕೂದಲೆಳೆಯಂಥ ಬಿರುಕು ಕಾಣುವ ಮೊದಲೇ ನೀರು ಬಿಡುವುದು ಎಂದು ತಿಳಿಯಿರಿ.

ಈ ಮಣ್ಣಿನ ಇನ್ನೊಂದು ತೊಂದರೆ ಸತುವಿನ ಕೊರತೆ. ನಾಟಿಯಾದ ಎರಡು–ನಾಲ್ಕು ವಾರಗಳಲ್ಲಿ ಕೆಳಗಿನ ಎಲೆಗಳ ಮೇಲೆ ತುಕ್ಕಿನ ಬಣ್ಣದ ಚುಕ್ಕೆ ಬಂದು ಪೈರು ಗಿಡ್ಡಾಗುತ್ತದೆ. ಇದನ್ನು 'ಖೈರಾ' ಎನ್ನುತ್ತಾರೆ. ಇದು ರೋಗಾಣುವಿನಿಂದ ಬರುವುದಲ್ಲ, ಸತುವಿನ ಕೊರತೆಯಿಂದ ಬರುವುದು ಎಂದು 1966ರಲ್ಲಿ ಗುರುತಿಸಿದವರು ಪಂತನಗರದ ವಿಜ್ಞಾನಿ ವೈ. ಎಲ್. ನೆನೆ. "ಎಲೆ ಹಳದಿಯಾದರೆ ನೀರು ಹೆಚ್ಚಿಸಿ" ಎಂಬ ಸಲಹೆ ಇಲ್ಲಿ ತಿರುಗುಬಾಣ. ಸದಾ ನೀರು ನಿಂತರೆ ಬೇರಿಗೆ ಸತು ಸಿಗುವುದು ಇನ್ನೂ ಕಡಿಮೆಯಾಗುತ್ತದೆ. ಬೇಕಿರುವುದು ಮಣ್ಣು ಪರೀಕ್ಷೆ ಮತ್ತು ಅದರ ಪ್ರಕಾರ ಸತುವಿನ ಸಲ್ಫೇಟ್.

*ಕರಾವಳಿಯ ಜಂಬಿಟ್ಟಿಗೆ ಮಣ್ಣು:* ದಕ್ಷಿಣ ಕನ್ನಡ, ಉಡುಪಿಯ ರೈತರು ಗದ್ದೆಗಳನ್ನು ಬೆಟ್ಟು, ಮಜಲು, ಬೈಲು ಎಂದು ಹಿಂದಿನಿಂದಲೂ ವಿಂಗಡಿಸುತ್ತಾರೆ. ಎತ್ತರದ ಬೆಟ್ಟುಗದ್ದೆಯಲ್ಲಿ ನೀರು ನಿಲ್ಲದು, ಮಳೆ ನಂಬಿ ಒಂದು ಬೆಳೆ. ನಡುವಿನ ಮಜಲಿನಲ್ಲಿ ಎರಡು. ತಗ್ಗಿನ ಬೈಲಿನಲ್ಲಿ ನೀರಿಗೆ ಬರವಿಲ್ಲ. ಮಣ್ಣು, ನೀರಿನ ಆಳ ಮತ್ತು ಬೆಳೆಯನ್ನು ಒಟ್ಟಿಗೆ ನೋಡಿದ ಜಾಣ ವಿಂಗಡಣೆ ಇದು. ಇಲ್ಲಿನ ಮಣ್ಣು ಹುಳಿ, ಕಬ್ಬಿಣದ ಅಂಶ ಹೆಚ್ಚು. ಬೈಲಿನಲ್ಲಿ ನೀರು ಬಹಳ ದಿನ ನಿಂತರೆ ಕಬ್ಬಿಣ ಕರಗಿ ಬೇರಿಗೆ ವಿಷವಾಗಬಹುದು. ಎಲೆ ಕಂಚಿನ ಬಣ್ಣಕ್ಕೆ ತಿರುಗುತ್ತದೆ, ನೀರಿನ ಮೇಲೆ ಎಣ್ಣೆಯಂಥ ತೆಳುಪದರ ಕಾಣಿಸುತ್ತದೆ. ಇಲ್ಲಿ ನೀರು ಬಸಿಯುವುದು, ಸುಣ್ಣ ಕೊಡುವುದು ಬೆಳೆಯನ್ನು ಉಳಿಸುತ್ತದೆ.

*ಉಪ್ಪಿನ ಮಣ್ಣು:* ಭತ್ತಕ್ಕೆ ಸಸಿಯಾಗಿದ್ದಾಗ ಮತ್ತು ಹೂ ಬಿಡುವಾಗ ಉಪ್ಪು ಆಗದು. ಸವಳು ನೆಲದಲ್ಲಿ ಸಿಹಿನೀರು ನಿಂತರೆ ಉಪ್ಪು ತಿಳಿಯಾಗಿ ಕೆಳಗಿಳಿಯುತ್ತದೆ. ಗದ್ದೆ ಒಣಗಿಸಿದರೆ ಮತ್ತೆ ಮೇಲೇರುತ್ತದೆ. ಆದ್ದರಿಂದ ಇಲ್ಲಿ ಆರಿಸುವ ಪ್ರಯೋಗಕ್ಕೆ ತಜ್ಞರ ಸಲಹೆ ಬೇಕೇ ಬೇಕು. ಕುಮಟಾ ತಾಲ್ಲೂಕಿನ ಅಘನಾಶಿನಿ ಅಳಿವೆಯ ಗಜನಿ ಗದ್ದೆಗಳಲ್ಲಿ ರೈತರು ಬೆಳೆಸಿಕೊಂಡು ಬಂದ ಕಗ್ಗ ಭತ್ತ ಉಪ್ಪನ್ನೂ ಮುಳುಗಡೆಯನ್ನೂ ತಾಳುತ್ತದೆ. ಮಣ್ಣಿಗೆ ತಕ್ಕ ತಳಿ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಮ್ಮಲ್ಲಿ ಸಿಗುವುದು ಕಷ್ಟ.

ಆ ಪೈಪಿನ ಕಥೆ ನಿಜವೇ?

ನಿಜ, ಆದರೆ ಫಾರ್ವರ್ಡ್‌ನಲ್ಲಿ ಅರ್ಧ ಮಾತ್ರ ಇರುತ್ತದೆ. ಇದನ್ನು ಅಂತಾರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಪ್ರಚಾರಕ್ಕೆ ತಂದಿತು. ಹೆಸರು 'ಆಲ್ಟರ್ನೇಟ್ ವೆಟಿಂಗ್ ಆ್ಯಂಡ್ ಡ್ರೈಯಿಂಗ್', ಅಂದರೆ ಒಮ್ಮೆ ನೀರು ಕಟ್ಟುವುದು, ಒಮ್ಮೆ ಆರಲು ಬಿಡುವುದು. 30 ಸೆಂ.ಮೀ. ಉದ್ದದ ಪ್ಲಾಸ್ಟಿಕ್ ಪೈಪಿನ ಅರ್ಧ ಭಾಗಕ್ಕೆ ಸುತ್ತ ತೂತು ಕೊರೆದು, ಆ ಭಾಗವನ್ನು ಮಣ್ಣಿನಲ್ಲಿ ಹೂಳಿ, ಒಳಗಿನ ಮಣ್ಣು ತೆಗೆಯುತ್ತಾರೆ. ಗದ್ದೆಯ ಮೇಲೆ ನೀರು ಕಾಣದಿದ್ದರೂ ಪೈಪಿನೊಳಗೆ ಇಣುಕಿದರೆ ನೆಲದಡಿಯ ನೀರಿನ ಮಟ್ಟ ಕಾಣುತ್ತದೆ. ಅದು ಮೇಲ್ಮೈಯಿಂದ 15 ಸೆಂ.ಮೀ. ಕೆಳಗಿಳಿದಾಗ ಮತ್ತೆ 5 ಸೆಂ.ಮೀ. ನೀರು ಕಟ್ಟಬೇಕು. ನಾಟಿಯಾದ ಒಂದೆರಡು ವಾರದ ನಂತರ ಶುರು ಮಾಡಬೇಕು. ಹೂವಿನ ಹಂತದಲ್ಲಿ ನಿಲ್ಲಿಸಬೇಕು.

ಇಳುವರಿ ಕಡಿಮೆಯಾಗುತ್ತದೆಯೇ? 56 ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯೊಂದು 2017ರಲ್ಲಿ ಪ್ರಕಟವಾಯಿತು. ಈ 15 ಸೆಂ.ಮೀ. ಮಿತಿಯೊಳಗೆ ಆರಿಸಿದ ಗದ್ದೆಗಳಲ್ಲಿ ಇಳುವರಿ ಗಣನೀಯವಾಗಿ ಕುಗ್ಗಲಿಲ್ಲ, ನೀರು ಸುಮಾರು 23% ಉಳಿಯಿತು. ಮಿತಿ ಮೀರಿ ಒಣಗಿಸಿದಲ್ಲಿ ಮಾತ್ರ ಇಳುವರಿ ಸುಮಾರು 23% ಬಿತ್ತು. ಅದರಲ್ಲೂ ಪಿಎಚ್ 7 ಅಥವಾ ಅದಕ್ಕಿಂತ ಹೆಚ್ಚಿರುವ ಮತ್ತು ಸಾವಯವ ಇಂಗಾಲ 1%ಗಿಂತ ಕಡಿಮೆ ಇರುವ ಮಣ್ಣುಗಳಲ್ಲಿ ಹೊಡೆತ ಹೆಚ್ಚು. ನಮ್ಮ ಎರೆಭೂಮಿಗಳಲ್ಲಿ ಬಹಳಷ್ಟು ಈ ಗುಂಪಿಗೆ ಸೇರುತ್ತವೆ. ಆದ್ದರಿಂದ "ಯಾವ ಮಣ್ಣಾದರೂ ಸರಿ" ಎಂಬ ಮಾತು ತಪ್ಪು. "ಅರ್ಧ ನೀರು ಸಾಕು" ಎಂಬುದೂ ಉತ್ಪ್ರೇಕ್ಷೆ.

ಆರಿಸುವುದರಿಂದ ಇನ್ನೂ ಎರಡು ಪರಿಣಾಮಗಳಿವೆ. ಗದ್ದೆಯಿಂದ ಹೊರಬೀಳುವ ಮೀಥೇನ್ ಅನಿಲ ಸರಿಸುಮಾರು ಅರ್ಧಕ್ಕಿಳಿಯುತ್ತದೆ. ಕಾಳಿಗೆ ಸೇರುವ ಆರ್ಸೆನಿಕ್ ಕಡಿಮೆಯಾಗುತ್ತದೆ. ಅಂತರ್ಜಲದಲ್ಲೇ ಆರ್ಸೆನಿಕ್ ಇರುವ ಪಶ್ಚಿಮ ಬಂಗಾಳ, ಬಾಂಗ್ಲಾದೇಶದಲ್ಲಿ ಇದು ದೊಡ್ಡ ವಿಷಯ. ಆದರೆ ಅತಿಯಾಗಿ ಒಣಗಿಸಿದರೆ ಕ್ಯಾಡ್ಮಿಯಂ ಎಂಬ ಇನ್ನೊಂದು ವಿಷಲೋಹ ಕಾಳಿಗೆ ಸೇರುವುದು ಹೆಚ್ಚುತ್ತದೆ. ಇಲ್ಲೂ ಮಿತಿಯೇ ಮುಖ್ಯ.

"ಒಂದು ಕೆಜಿ ಅಕ್ಕಿಗೆ 5,000 ಲೀಟರ್ ನೀರು" ಸರಿಯೇ?

ಒಂದು ಕೆಜಿ ಭತ್ತಕ್ಕೆ ಮಳೆ, ನೀರಾವರಿ ಸೇರಿ ಸರಾಸರಿ 2,500 ಲೀಟರ್ ಹೋಗುತ್ತದೆ ಎಂಬುದು ಮೇಲೆ ಹೇಳಿದ ಸಂಶೋಧನಾ ಸಂಸ್ಥೆಯ ಅಂದಾಜು. ಗದ್ದೆಯಿಂದ ಗದ್ದೆಗೆ ಇದು 800ರಿಂದ 5,000 ಲೀಟರ್‌ವರೆಗೆ ಬದಲಾಗುತ್ತದೆ. ಭತ್ತ ಅಕ್ಕಿಯಾಗುವಾಗ ಮೂರನೇ ಒಂದು ಭಾಗದಷ್ಟು ತೂಕ ಹೋಗುವುದರಿಂದ ಅಕ್ಕಿಯ ಲೆಕ್ಕದಲ್ಲಿ ಸರಾಸರಿ 3,700 ಲೀಟರ್ ಆಸುಪಾಸು. ಅಂದರೆ 5,000 ಎಂಬುದು ಸುಳ್ಳಲ್ಲ, ಆದರೆ ಎಲ್ಲ ಗದ್ದೆಗೂ ಅನ್ವಯಿಸುವ ಸರಾಸರಿಯೂ ಅಲ್ಲ. 800 ಮತ್ತು 5,000ದ ನಡುವಿನ ಅಂತರಕ್ಕೆ ದೊಡ್ಡ ಕಾರಣ ನಾವು ಈವರೆಗೆ ನೋಡಿದ ಮಣ್ಣು ಮತ್ತು ನೀರು ನಿರ್ವಹಣೆಯೇ. ಇಂಗಿದ ನೀರೆಲ್ಲ ಹಾಳಾಗುವುದಿಲ್ಲ ಎಂಬುದನ್ನೂ ನೆನಪಿಡಿ. ಅದರ ಒಂದು ಪಾಲು ಪಕ್ಕದ ಬಾವಿಗೋ ಹಳ್ಳಕ್ಕೋ ಸೇರುತ್ತದೆ.

ಇದು ನನ್ನ ಗದ್ದೆಯ ವಿಷಯ, ಊರಿಗೇನು?

ತುಂಗಭದ್ರಾ ಎಡದಂಡೆ ಕಾಲುವೆಯನ್ನು ಹೆಚ್ಚಾಗಿ ಕಡಿಮೆ ನೀರಿನ ಬೆಳೆಗಳಿಗೆಂದು ಯೋಜಿಸಲಾಗಿತ್ತು. ಆದರೆ ಮೇಲ್ಭಾಗದಲ್ಲಿ ಭತ್ತವೇ ಹರಡಿತು. ಕೊನೇ ಭಾಗದ ರಾಯಚೂರು, ಮಾನ್ವಿ ಕಡೆಯ ರೈತರು ನೀರಿಗಾಗಿ ಕಾಯುವಂತಾಯಿತು. ಇತ್ತ ಸದಾ ನೀರು ನಿಂತ ಜಮೀನುಗಳಲ್ಲಿ ಅಂತರ್ಜಲ ಮೇಲೇರಿ ಸವಳು–ಜವಳು ಸಮಸ್ಯೆ ಬೆಳೆಯಿತು. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಈ ಮಣ್ಣುಗಳ ಮೇಲೆಯೇ ಸಂಶೋಧನೆ ನಡೆಯುತ್ತದೆ. ಮೇಲಿನವರಿಗೆ ನೀರು ಹೆಚ್ಚಾಗಿ ನೆಲ ಕೆಟ್ಟಿತು, ಕೆಳಗಿನವರಿಗೆ ನೀರಿಲ್ಲದೆ ಬೆಳೆ ಕೆಟ್ಟಿತು.

ಒಂದು ಎಕರೆಯಲ್ಲಿ 5 ಸೆಂ.ಮೀ. ನೀರೆಂದರೆ 2 ಲಕ್ಷ ಲೀಟರ್. 10 ಸೆಂ.ಮೀ. ಬದಲು 5 ಸೆಂ.ಮೀ. ಕಟ್ಟಿದರೆ ಒಂದು ಸಲಕ್ಕೆ ಅಷ್ಟು ನೀರು ಕಾಲುವೆಯಲ್ಲೇ ಮುಂದೆ ಹೋಗುತ್ತದೆ. ಆದರೆ ಕಾಲುವೆ ನೀರಿಗೆ ಎಕರೆ ಲೆಕ್ಕದಲ್ಲಿ ಕರ ಇರುವಾಗ ಉಳಿಸಿದವನಿಗೆ ಹಣದ ಲಾಭವಿಲ್ಲ. ಮುಂದಿನ ಸರದಿ ಖಚಿತವಿಲ್ಲದಿದ್ದರೆ ಧೈರ್ಯವೂ ಸಾಲದು. ಆದ್ದರಿಂದ "ರೈತರು ನೀರು ಪೋಲು ಮಾಡುತ್ತಾರೆ" ಎಂದು ಬೈಯುವ ಫಾರ್ವರ್ಡ್‌ಗಳೂ ಅರ್ಧಸತ್ಯವೇ. ಹೇಳಿದ ದಿನ ನೀರು ಬರುತ್ತದೆ ಎಂಬ ನಂಬಿಕೆ ಇದ್ದಲ್ಲಿ ಮಾತ್ರ ರೈತ ಗದ್ದೆಯನ್ನು ಆರಲು ಬಿಟ್ಟಾನು.

ಫಾರ್ವರ್ಡ್ ಮಾಡುವ ಮುನ್ನ

• "ನೀರು ಹೆಚ್ಚಿದಷ್ಟೂ ಇಳುವರಿ ಹೆಚ್ಚು": ತಪ್ಪು.
• "ಒಂದು ದಿನ ಆರಿದರೂ ಬೆಳೆ ಹೋಯಿತು": ಹೂವಿನ ಹಂತ ಬಿಟ್ಟರೆ ತಪ್ಪು.
• "ಯಾವ ಮಣ್ಣಿಗಾದರೂ ಪೈಪ್ ಪದ್ಧತಿ ಒಂದೇ": ತಪ್ಪು. ಎರೆ, ಕ್ಷಾರ ಮತ್ತು ಸವಳು ಮಣ್ಣಿನಲ್ಲಿ ಎಚ್ಚರ ಬೇಕು.
• "ಒಂದು ಕೆಜಿ ಅಕ್ಕಿಗೆ 5,000 ಲೀಟರ್": ಕೆಲವು ಗದ್ದೆಗಳಲ್ಲಿ ನಿಜ, ಸರಾಸರಿ ಅದಕ್ಕಿಂತ ಕಡಿಮೆ.

ಇಂಥ ಸಲಹೆ ನಿಮ್ಮ ಗುಂಪಿಗೆ ಬಂದಾಗ ಕಳಿಸಿದವರನ್ನು ಮೂರು ಪ್ರಶ್ನೆ ಕೇಳಿ: ಯಾವ ಮಣ್ಣು? ಪೈರು ಯಾವ ಹಂತದಲ್ಲಿದೆ? ಮುಂದಿನ ನೀರು ಯಾವಾಗ ಸಿಗುತ್ತದೆ? ಈ ಮೂರಕ್ಕೂ ಉತ್ತರವಿಲ್ಲದ ಸಲಹೆಯನ್ನು ಅಲ್ಲಿಗೇ ಬಿಡಿ. ನಿಮ್ಮ ಗದ್ದೆಯ ಒಂದು ಹಿಡಿ ಮಣ್ಣನ್ನು ಹತ್ತಿರದ ರೈತ ಸಂಪರ್ಕ ಕೇಂದ್ರಕ್ಕೋ ಕೃಷಿ ವಿಜ್ಞಾನ ಕೇಂದ್ರಕ್ಕೋ ಕೊಟ್ಟು ಪರೀಕ್ಷೆ ಮಾಡಿಸಿ. ಹೊಸ ಪದ್ಧತಿಯನ್ನು ಮೊದಲ ವರ್ಷ ಒಂದೇ ಮಡಿಯಲ್ಲಿ ಮಾಡಿ ನೋಡಿ. ಪಕ್ಕದ ಮಡಿಯ ಇಳುವರಿಯ ಜೊತೆ ತೂಗಿ ನೋಡಿದ ಮೇಲೆ ಬೇಕಾದರೆ ಆ ಫಲಿತಾಂಶವನ್ನೇ ಗುಂಪಿಗೆ ಕಳಿಸಿ. ಅದು ಹಂಚಲು ಯೋಗ್ಯವಾದ ಸಂದೇಶ.